ನಿದ್ರೆ, ಸ್ವಪ್ನ ಮತ್ತು ತೈಜಸನ ಅನುಸಂಧಾನ

ಆಷಾಢ ಶುದ್ಧ ಏಕಾದಶಿಯಂದು ತಪ್ತಮುದ್ರಾಧಾರಣೆಗೆಂದು ಮಠದ ಶಾಖೆಗಳಲ್ಲಿ ಸೇರುವ ಸಜ್ಜನರಿಗೆ ಅದು ಶಯನೀ ಏಕಾದಶಿಯೆಂಬುದು ತಿಳಿದೇ ಇದೆ. ಅಂದು ಯೋಗನಿದ್ರೆಯನ್ನು ಸ್ವೀಕರಿಸುವ ಶ್ರೀಹರಿಯನ್ನು ಕಾರ್ತಿಕಮಾಸದಲ್ಲಿ ಎಬ್ಬಿಸುವ ಉತ್ಸವ ನಡೆಯುತ್ತದೆ. ಆತನ ನಿದ್ರೆಯು ನಮ್ಮ ನಿದ್ರೆಯಂತೆ ಅರಿವು ಮರೆಯಾಗುವ ಸ್ಥಿತಿಯಲ್ಲ. ಶೇಷನ ಮೇಲೆ ಕಣ್ಮುಚ್ಚಿದಂತೆ ತೋರುವ ಸ್ವಾಮಿಯು ಸಕಲ ಜೀವರ ಎಚ್ಚರ, ಕನಸು, ನಿದ್ರೆಗಳನ್ನು ನಡೆಸುತ್ತಲೇ ಇರುವನು.

ಈ ಸಂದರ್ಭದಲ್ಲಿ ನಮ್ಮ ಪಾಠಪ್ರವಚನಗಳಿಗೆ ಬರುವವರು ತಮ್ಮ ನಿದ್ರೆಯ ವಿಷಯವಾಗಿಯೂ ಕೇಳುವುದುಂಟು. ಊರನ್ನು ಬಿಟ್ಟು ಮಗನ ಮನೆಗೆ ಬಂದ ವೃದ್ಧರಿಗೆ ಹನ್ನೊಂದನೆಯ ಮಹಡಿಯಲ್ಲಿ ರಾತ್ರಿ ಕಳೆಯುವುದಿಲ್ಲ. ಡೊಂಬಿವಲಿಯಿಂದ ನಸುಕಿನ ಲೋಕಲ್ ಹಿಡಿಯುವವರಿಗೆ ಹಾಸಿಗೆಯಲ್ಲಿ ಮಲಗಿದರೂ ಆಫೀಸು ಬಿಡುವುದಿಲ್ಲ. ಇನ್ನು ಯುವಕರು, ಕನಸಿನೊಳಗೇ ಎಚ್ಚರವಾಗಿದ್ದು ಕನಸನ್ನು ಬೇಕಾದಂತೆ ನಡೆಸುವ ಅಭ್ಯಾಸವೊಂದಿದೆಯಂತೆ, ಅದು ನಮ್ಮ ಶಾಸ್ತ್ರಕ್ಕೆ ಸಮ್ಮತವೇ ಎಂದು ಪ್ರಶ್ನಿಸುತ್ತಾರೆ. ಎಲ್ಲರಿಗಿಂತ ಮೆಲ್ಲಗೆ ಕೇಳುವವರು ಮತ್ತೆ ಕೆಲವರು. ತೀರಿಹೋದ ತಾಯಿ ಕನಸಿನಲ್ಲಿ ಬಂದಿದ್ದಳು, ಅದು ಸುಳ್ಳೇ ಎಂಬುದು ಅವರ ಪ್ರಶ್ನೆ. ಈ ಎಲ್ಲ ಪ್ರಶ್ನೆಗಳಿಗೂ ಮೂಲದಲ್ಲಿರುವುದು ಒಂದೇ ವಿಚಾರ: ಕನಸನ್ನು ಮಾಡುವವರು ಯಾರು, ಅದು ಯಾವುದರಿಂದ ಆದದ್ದು? ಇದನ್ನು ಮೊದಲು ವಿಚಾರಿಸಿ, ಬಳಿಕ ಮಲಗುವ ಹೊತ್ತಿನ ಅಭ್ಯಾಸಕ್ಕೆ ಬರೋಣ.

ಮಾಂಡೂಕ್ಯೋಪನಿಷತ್ತು ವಿಶ್ವ, ತೈಜಸ, ಪ್ರಾಜ್ಞ, ತುರೀಯ ಎಂದು ನಾಲ್ಕನ್ನು ಹೇಳುತ್ತದೆ. ಇವು ಜೀವನ ಅವಸ್ಥೆಗಳ ಹೆಸರುಗಳಲ್ಲ, ಆಯಾ ಅವಸ್ಥೆಗಳನ್ನು ಜೀವನಿಗೆ ಕೊಡುವ ಭಗವದ್ರೂಪಗಳು ಎಂಬುದು ಶ್ರೀಮದಾಚಾರ್ಯರ ಭಾಷ್ಯದ ಸಿದ್ಧಾಂತ. ಬಲಗಣ್ಣಿನಲ್ಲಿದ್ದು ಎಚ್ಚರವನ್ನು ಕೊಡುವವನು ವಿಶ್ವ. ಆತನ ಹತ್ತೊಂಬತ್ತು ಮುಖಗಳಲ್ಲಿ ನಡುವಿನದು ಆನೆಯ ಮುಖವೆಂದು ಧ್ಯಾನಿಸುವ ಕ್ರಮವು ಹಲವರಿಗೆ ಪರಿಚಿತವಿರಬಹುದು. ಕಂಠದಲ್ಲಿದ್ದು ಕನಸನ್ನು ತೋರಿಸುವವನು ತೈಜಸ. ಹೃದಯದಲ್ಲಿದ್ದು ಗಾಢನಿದ್ರೆಯಲ್ಲಿ ಜೀವನನ್ನು ಆಲಿಂಗಿಸಿಕೊಳ್ಳುವವನು ಪ್ರಾಜ್ಞ. ಆಫೀಸಿನ ಕಡತವನ್ನು ನೋಡಿದ ಕಣ್ಣಿನಲ್ಲಿಯೂ, ದುಃಸ್ವಪ್ನದಲ್ಲಿ ಕೂಗಲು ಹೊರಟು ಕಟ್ಟಿಹೋದ ಕಂಠದಲ್ಲಿಯೂ ಇರುವವನು ಒಬ್ಬನೇ.

ಕನಸು ಮಿಥ್ಯೆ ಎಂಬುದು ಲೋಕದಲ್ಲಿ ಬಹಳ ಪ್ರಚಾರವಾಗಿರುವ ಮಾತು. ಅದರ ಬೆನ್ನಿಗೇ, ಕನಸಿನಂತೆ ಈ ಜಗತ್ತೂ ಮಿಥ್ಯೆ ಎಂಬ ಮಾತು ಬರುತ್ತದೆ. ನಮ್ಮ ಮಕ್ಕಳು ಶಾಲೆಯಲ್ಲಿ, ಪುಸ್ತಕಗಳಲ್ಲಿ ಇದನ್ನೇ ಕಲಿತು ಬಂದು, ಭಾರತೀಯ ತತ್ತ್ವಶಾಸ್ತ್ರವೆಂದರೆ ಇಷ್ಟೇ ಎಂದು ತಿಳಿದಿರುತ್ತಾರೆ. ತತ್ತ್ವವಾದಿಗಳಾದ ನಾವು ಎರಡನೆಯ ಮಾತನ್ನು ಮಾತ್ರ ಅಲ್ಲಗಳೆದು ಮೊದಲನೆಯದನ್ನು ಬಿಟ್ಟುಕೊಡುವುದಿಲ್ಲ. ಬ್ರಹ್ಮಸೂತ್ರಗಳ ಮೂರನೆಯ ಅಧ್ಯಾಯದ ಎರಡನೆಯ ಪಾದವು ಆರಂಭವಾಗುವುದೇ ಈ ವಿಚಾರದಿಂದ. ಕನಸಿನಲ್ಲಿ ಕಾಣುವ ರಥ, ಕುದುರೆ, ದಾರಿಗಳನ್ನು ಆಗಲೇ ಸೃಷ್ಟಿಸಲಾಗುತ್ತದೆ ಎಂದು ಬೃಹದಾರಣ್ಯಕವು ಹೇಳುತ್ತದೆ. ಮಲಗಿದವರೊಳಗೆ ತಾನು ಎಚ್ಚರವಾಗಿದ್ದು ಬೇಕುಬೇಕಾದ ವಸ್ತುಗಳನ್ನು ನಿರ್ಮಿಸುವವನು ಪರಮಪುರುಷನೆಂದು ಕಠೋಪನಿಷತ್ತು ಸ್ಪಷ್ಟಪಡಿಸುತ್ತದೆ. ಸೃಷ್ಟಿಯೆಂದಮೇಲೆ ಅದಕ್ಕೆ ಮಣ್ಣಿನಂತಹ ಉಪಾದಾನವೊಂದು ಬೇಕಷ್ಟೆ? ನಮ್ಮ ಮನಸ್ಸಿನಲ್ಲಿ ಅನಾದಿಯಿಂದ ಕೂಡುತ್ತ ಬಂದಿರುವ ವಾಸನೆಗಳೇ ಆ ಮಣ್ಣು, ತೈಜಸನೇ ಕುಂಬಾರ. ಮಣ್ಣೂ ಸತ್ಯ, ಕುಂಬಾರನೂ ಸತ್ಯ, ಮಡಕೆಯೂ ಸತ್ಯ.

ಹಾಗಾದರೆ ಎದ್ದಮೇಲೆ ಅದು ಎಲ್ಲಿ ಹೋಯಿತು ಎಂದು ಕೇಳಬಹುದು. ಕ್ಷಣದಲ್ಲಿ ಮಾಯವಾಯಿತೆಂಬ ಕಾರಣಕ್ಕೆ ಮಿಂಚನ್ನು ಯಾರೂ ಸುಳ್ಳೆನ್ನುವುದಿಲ್ಲ. ಕನಸಿನ ಹುಲಿಯನ್ನು ಕಂಡು ಎದೆ ಹೊಡೆದುಕೊಂಡದ್ದು, ಬೆವರು ಬಂದದ್ದು ಎದ್ದ ಮೇಲೂ ಮೈಮೇಲೆ ಇರುತ್ತದೆ. ಕನಸಿನಲ್ಲಿ ತಪ್ಪಿರುವುದು ವಸ್ತುವಿನಲ್ಲಲ್ಲ, ನಮ್ಮ ತಿಳಿವಳಿಕೆಯಲ್ಲಿ. ವಾಸನೆಯಿಂದಾದ ಹುಲಿಯನ್ನು ಕಾಡಿನ ಹುಲಿಯೆಂದು, ಆ ಹೊತ್ತಿನ ಮನೋಮಯ ರಥವನ್ನು ಬೀದಿಯ ರಥವೆಂದು ತಿಳಿಯುವುದೇ ಭ್ರಾಂತಿ. ಕನಸಿಗೆ ಜಾಗ್ರತ್ತಿನ ವೇಷವನ್ನು ಹಾಕುವ ಈ ಭ್ರಾಂತಿಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಅನುಭವಸಿದ್ಧ.

ಯುವಕರ ಪ್ರಶ್ನೆಗೆ ಉತ್ತರವು ಇಲ್ಲಿಯೇ ಇದೆ. ಕನಸು ನಡೆಯುತ್ತಿರುವಾಗಲೇ ‘ಇದು ಕನಸು’ ಎಂಬ ಅರಿವು ಮೂಡಿದರೆ ಆ ಭ್ರಾಂತಿ ಹೋಗಿ ಯಥಾರ್ಥಜ್ಞಾನ ಬಂದಂತಾಯಿತು. ಅದನ್ನು ಶಾಸ್ತ್ರವಿರುದ್ಧವೆನ್ನಲು ನಮಗೆ ಕಾರಣ ಕಾಣುವುದಿಲ್ಲ. ಪಾಶ್ಚಾತ್ಯ ವಿಜ್ಞಾನಿಗಳೂ ಇದನ್ನು ಪರೀಕ್ಷಿಸಿದ್ದಾರೆ. ನಿದ್ರೆಯ ನಡುವೆ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ಒಂದು ಘಟ್ಟವಿದೆಯೆಂದೂ, ಆಗ ಎಬ್ಬಿಸಿದರೆ ಜನರು ಹೆಚ್ಚಾಗಿ ಕನಸನ್ನು ಹೇಳುವರೆಂದೂ 1953ರಲ್ಲಿ ಅಮೆರಿಕದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಪ್ರಕಟಿಸಿದರು. 1975ರಲ್ಲಿ ಇಂಗ್ಲೆಂಡಿನ ಕೀತ್ ಹರ್ನ್, ಅನಂತರ ಸ್ಟ್ಯಾನ್‌ಫರ್ಡಿನ ಸ್ಟೀಫನ್ ಲಬರ್ಜ್ ಅವರು, ಮೊದಲೇ ಮಾತಾಡಿಕೊಂಡಂತೆ ಮಲಗಿದವನು ಕನಸಿನೊಳಗಿನಿಂದಲೇ ಕಣ್ಣನ್ನು ಎಡಬಲಕ್ಕೆ ಹೊರಳಿಸಿ ಸಂಜ್ಞೆ ಕೊಡಬಲ್ಲನೆಂಬುದನ್ನು ಯಂತ್ರದ ದಾಖಲೆಯಿಂದ ತೋರಿಸಿದರು. 2021ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಂತೂ, ಕನಸು ಕಾಣುತ್ತಿದ್ದವರಲ್ಲಿ ಕೆಲವರು ಹೊರಗಿನಿಂದ ಕೇಳಿದ ಸಣ್ಣ ಲೆಕ್ಕಗಳಿಗೆ ಕಣ್ಸನ್ನೆಯಲ್ಲಿ ಉತ್ತರ ಕೊಟ್ಟರು. ಕನಸು ಶೂನ್ಯವಲ್ಲ, ಅಲ್ಲಿ ನೋಡುವವನೊಬ್ಬನು ಇದ್ದಾನೆ ಎಂಬಷ್ಟಕ್ಕೆ ಇದು ನಮಗೆ ಅನುಕೂಲವೇ.

ಆದರೆ ‘ಬೇಕಾದಂತೆ ನಡೆಸುವೆನು’ ಎಂಬ ಮಾತನ್ನು ಒಪ್ಪಲಾಗುವುದಿಲ್ಲ. ಕನಸು ಜೀವನ ಸ್ವತಂತ್ರ ನಿರ್ಮಾಣವಾಗಿದ್ದರೆ ಯಾರಾದರೂ ತಮಗೆ ತಾವೇ ದುಃಸ್ವಪ್ನವನ್ನು ಕಟ್ಟಿಕೊಳ್ಳುತ್ತಿದ್ದರೇ? ಪರೀಕ್ಷೆಗೆ ಓದದೆ ಹೋದಂತೆ, ರೈಲು ತಪ್ಪಿದಂತೆ ಐವತ್ತು ದಾಟಿದವರಿಗೂ ಬೀಳುವ ಕನಸುಗಳನ್ನು ಯಾರು ಬಯಸಿದರು? ಕನಸಿನಲ್ಲಿ ಎಚ್ಚರಗೊಂಡವರೂ ಕನಸೆಲ್ಲ ತಮ್ಮ ಮಾತು ಕೇಳಿತೆಂದು ಹೇಳುವುದಿಲ್ಲ. ಹಾರಲು ಹೊರಟರೆ ಒಮ್ಮೆ ಹಾರುತ್ತಾರೆ, ಒಮ್ಮೆ ಬೀಳುತ್ತಾರೆ. ಎಚ್ಚರದಲ್ಲಿ ಕೈಯೆತ್ತುವುದಕ್ಕೂ ವಿಶ್ವನ ಅಧೀನರಾದ ನಾವು ಕನಸಿನಲ್ಲಿ ಮಾತ್ರ ಸ್ವತಂತ್ರರಾಗುವುದು ಹೇಗೆ? ಅಲ್ಲಿ ಅರಿವು ಬಂದರೆ ಆ ಅರಿವಿನಿಂದ ಮಾಡತಕ್ಕದ್ದು ತೈಜಸನ ಸ್ಮರಣೆ. ಬಂದ ಅರಿವನ್ನು ಅರಮನೆ ಕಟ್ಟಿಕೊಳ್ಳುವುದಕ್ಕೆ ಕಳೆಯುವುದು, ದೇವರ ದರ್ಶನಕ್ಕೆ ಒಳಗೆ ಬಿಟ್ಟಾಗ ಗರ್ಭಗುಡಿಯ ಬಾಗಿಲಿನ ಬೆಳ್ಳಿಯನ್ನು ಲೆಕ್ಕಹಾಕಿಕೊಂಡು ಬಂದಂತೆ.

ಮಲಗುವ ಹೊತ್ತಿನ ಅಭ್ಯಾಸ

ಇನ್ನು ಅಭ್ಯಾಸದ ಕ್ರಮ. ಕೆಳಗೆ ಹೇಳುವುದರಲ್ಲಿ ಕೆಲವು ಶಾಸ್ತ್ರದ ವಿಧಿಗಳು, ಕೆಲವು ಹಿರಿಯರ ಮನೆಗಳಲ್ಲಿ ನಡೆದುಬಂದ ಆಚಾರ, ಕೆಲವು ಆ ಸಿದ್ಧಾಂತಕ್ಕೆ ಅನುಗುಣವಾಗಿ ನಾವು ಜೋಡಿಸಿಕೊಂಡ ಅನುಸಂಧಾನ. ಇದರಲ್ಲಿ ಉಪದೇಶ ಬೇಕಾದ ಮಂತ್ರವಿಲ್ಲ. ನಾಮಸ್ಮರಣೆಗೆ ವಯಸ್ಸಿನ, ಸ್ಥಳದ ನಿರ್ಬಂಧವೂ ಇಲ್ಲ. ನಾಮಸ್ಮರಣೆಯ ಸಂಧಿಯಲ್ಲಿ ಶ್ರೀಜಗನ್ನಾಥದಾಸರು ಬಿಕ್ಕುವುದು, ಆಕಳಿಸುವುದು ಇವುಗಳನ್ನು ಸಹ ಸ್ಮರಣೆಯ ಸಮಯಗಳೆಂದು ಎಣಿಸಿದ್ದಾರೆ. ಆಕಳಿಕೆಯೇ ಸಲ್ಲುವುದಾದರೆ ಹಾಸಿಗೆ ಸಲ್ಲದೇ?

ಕಾಲು ತೊಳೆದು, ಚೆನ್ನಾಗಿ ಒರೆಸಿಕೊಂಡು ಮಲಗಬೇಕು. ಒದ್ದೆಗಾಲಿನಲ್ಲಿ ಮಲಗಬಾರದೆಂದು ಸ್ಮೃತಿಯಿದೆ. ದಿಕ್ಕಿನ ವಿಷಯದಲ್ಲಿ ತನ್ನ ಮನೆಯಲ್ಲಿ ಪೂರ್ವಕ್ಕೆ, ಮಾವನ ಮನೆಯಲ್ಲಿ ದಕ್ಷಿಣಕ್ಕೆ, ಪ್ರವಾಸದಲ್ಲಿ ಪಶ್ಚಿಮಕ್ಕೆ ತಲೆಯಿಡಬೇಕು, ಉತ್ತರಕ್ಕೆ ಎಂದೂ ಕೂಡದು ಎಂದು ಹಿರಿಯರು ಹೇಳುತ್ತಾರೆ. ಮುಂಬಯಿಯ ಬಾಡಿಗೆ ಮನೆಯು ಸ್ವಗೃಹವೋ ಪ್ರವಾಸವೋ ಎಂದು ಒಬ್ಬರು ನಮ್ಮನ್ನು ಕೇಳಿದ್ದರು. ನಿತ್ಯವೂ ಎಲ್ಲಿ ಸಾಲಿಗ್ರಾಮಕ್ಕೆ ಅಭಿಷೇಕವಾಗಿ ನೈವೇದ್ಯವಾಗುವುದೋ ಅದೇ ಗೃಹಸ್ಥನ ಮನೆ. ಮೂವತ್ತು ವರ್ಷ ಅಲ್ಲಿಯೇ ಇದ್ದು ಇನ್ನೂ ಪ್ರವಾಸದಲ್ಲಿದ್ದೇನೆ ಎನ್ನುವುದು ಮನಸ್ಸಿಗೂ ಒಳ್ಳೆಯದಲ್ಲ. ಒಂದೇ ಕೋಣೆಯ ಮನೆಯಲ್ಲಿ ಗೋಡೆ ಒಪ್ಪದಿದ್ದರೆ ಉತ್ತರವೊಂದನ್ನು ಬಿಟ್ಟು ಹೇಗಾದರೂ ಮಲಗಿರಿ. ದಿಕ್ಕಿನ ಚಿಂತೆಯಿಂದಲೇ ನಿದ್ರೆ ಕೆಡಬಾರದು. ಮೊಬೈಲನ್ನು ಕೈಗೆ ಎಟುಕದಷ್ಟು ದೂರವಿಡುವುದನ್ನು ಯಾವ ಸ್ಮೃತಿಯೂ ಹೇಳಿಲ್ಲ, ನಾವು ಹೇಳುತ್ತೇವೆ.

ಮಲಗಿದ ಮೇಲೆ ರಾಮ, ಸ್ಕಂದ, ಹನುಮಂತ, ಗರುಡ, ಭೀಮ ಎಂಬ ಐವರನ್ನು ನೆನೆಯುವುದು ದುಃಸ್ವಪ್ನಪರಿಹಾರಕ್ಕಾಗಿ ಪ್ರಸಿದ್ಧವಾಗಿದೆ. ಸುಖವಾಗಿ ಮಲಗುವವರೆಂದು ಅಗಸ್ತ್ಯ, ಮಾಧವ, ಮುಚುಕುಂದ, ಕಪಿಲ, ಆಸ್ತೀಕರನ್ನು ಸ್ಮರಿಸುವುದೂ ಉಂಟು. ಮಕ್ಕಳಿಗೆ ಬರಿಯ ಹೆಸರನ್ನು ಹೇಳಿಕೊಡುವುದಕ್ಕಿಂತ ಮುಚುಕುಂದನ ಕಥೆಯನ್ನು ಹೇಳಬೇಕು. ದೇವತೆಗಳಿಗಾಗಿ ಬಹುಕಾಲ ಯುದ್ಧಮಾಡಿ ದಣಿದು, ವರವಾಗಿ ನಿದ್ರೆಯನ್ನೇ ಪಡೆದ ರಾಜ. ಅವನ ನಿದ್ರೆ ತಿಳಿದಾಗ ಎದುರಿಗಿದ್ದವನು ಶ್ರೀಕೃಷ್ಣ! ದುಡಿದು ಬಂದವನ ನಿದ್ರೆಗೆ ಇದಕ್ಕಿಂತ ದೊಡ್ಡ ಗೌರವವನ್ನು ಯಾವ ಪುರಾಣ ಕೊಟ್ಟಿದೆ?

ಆಮೇಲೆ ಆ ದಿನ ಮಾಡಿದ್ದನ್ನು ಬೆಳಗಿನಿಂದ ಒಮ್ಮೆ ನೋಡಿ ಕೃಷ್ಣಾರ್ಪಣ ಮಾಡಬೇಕು. ಇದಕ್ಕೆ ಹೆಚ್ಚು ಹೊತ್ತು ಬೇಡ. ಸರಿಯಾದದ್ದನ್ನೂ ತಪ್ಪಿದ್ದನ್ನೂ ಒಟ್ಟಿಗೆ ಒಪ್ಪಿಸಿಬಿಡುವುದು. ತಪ್ಪನ್ನು ಮಾತ್ರ ತನ್ನ ಬಳಿ ಇಟ್ಟುಕೊಂಡು ಹೊರಳಾಡುವುದರಲ್ಲಿ ಭಕ್ತಿಯೇನೂ ಇಲ್ಲ.

ಮುಂದಿನದು ಉಸಿರು. ಈ ಒಂದರಲ್ಲಿ ಸ್ವಲ್ಪ ನಿಂತು ಹೇಳಬೇಕಾಗಿದೆ, ಏಕೆಂದರೆ ನಿದ್ರೆ ಬಾರದವರಿಗೆ ಇದಕ್ಕಿಂತ ಸುಲಭವಾದ ಉಪಾಯವನ್ನು ನಾವು ಕಂಡಿಲ್ಲ. ಪ್ರತಿಯೊಬ್ಬನಲ್ಲಿಯೂ ಮುಖ್ಯಪ್ರಾಣದೇವರು ಹಗಲಿರುಳು ಹಂಸಮಂತ್ರದ ಜಪವನ್ನು ಶ್ವಾಸರೂಪವಾಗಿ ನಡೆಸುತ್ತಿದ್ದಾರೆ. ದಿನಕ್ಕೆ ಅದು 21,600. ಶ್ರೀಜಗನ್ನಾಥದಾಸರು ಶ್ವಾಸಸಂಧಿಯಲ್ಲಿ ಘಳಿಗೆಯ ಲೆಕ್ಕ ಕೊಡುತ್ತಾರೆ: ಒಂದು ಘಳಿಗೆಗೆ 360, ಅಂತಹ ಅರವತ್ತು ಘಳಿಗೆ. ಘಳಿಗೆಯೆಂದರೆ 24 ನಿಮಿಷ. ಆದ್ದರಿಂದ ನಿಮಿಷಕ್ಕೆ 15 ಉಸಿರು. ಸ್ವಸ್ಥನಾಗಿ ವಿಶ್ರಾಂತಿಯಲ್ಲಿರುವ ವಯಸ್ಕನ ಉಸಿರು ನಿಮಿಷಕ್ಕೆ 12ರಿಂದ 20 ಎಂದು ಇಂದಿನ ವೈದ್ಯರು ಹೇಳುವರು. ಲೆಕ್ಕ ಹೊಂದುತ್ತದೆ.

ಇಲ್ಲಿ ನಾವು ಮಾಡಬೇಕಾದ ಜಪ ಏನೂ ಇಲ್ಲ ಎಂಬುದೇ ಮುಖ್ಯ. ಜಪ ನಡೆಯುತ್ತಿದೆ, ನಾವು ಕೇಳಿಸಿಕೊಳ್ಳಬೇಕಷ್ಟೆ. ಉಸಿರನ್ನು ಹಿಡಿಯಬಾರದು, ಎಳೆಯಬಾರದು. ಪ್ರಾಣಾಯಾಮಕ್ಕೆ ಆಸನವಿದೆ, ಹೊತ್ತಿದೆ. ಹಾಸಿಗೆ ಅದರ ಸ್ಥಳವಲ್ಲ. ಬಲಕ್ಕೋ ಎಡಕ್ಕೋ ಹೊರಳಿ, ಉಸಿರು ಹೊರಹೋಗುವುದನ್ನು ಒಳಬರುವುದನ್ನು ಹಾಗೆಯೇ ಗಮನಿಸುತ್ತ, ‘ಇದು ನನ್ನದಲ್ಲ, ಪ್ರಾಣದೇವರದು’ ಎಂದುಕೊಳ್ಳುವುದು. ಎಣಿಸಬೇಕೆನಿಸಿದರೆ ಎಣಿಸಬಹುದು, 360 ಮುಟ್ಟಿದವರು ಕಡಿಮೆ. ನಡುವೆ ಮನಸ್ಸು ಮಗಳ ಶಾಲೆಯ ಫೀಸಿಗೋ ಮನೆಯ ಸಾಲದ ಕಂತಿಗೋ ಹೋದರೆ ಬೈದುಕೊಳ್ಳದೆ ಹಿಂದಕ್ಕೆ ಬರುವುದು.

ನಿದ್ರೆ ಬಾರದವನ ಕಷ್ಟವೇನೆಂದರೆ, ತಾನೇ ಕಾವಲಿದ್ದು ನಿದ್ರೆಯನ್ನು ಬರಮಾಡಿಕೊಳ್ಳಬೇಕೆಂದು ಆತನು ತಿಳಿದಿರುತ್ತಾನೆ. ಮಾತು ದಣಿಯಿತು, ಕಣ್ಣು ದಣಿಯಿತು, ಕಿವಿ ದಣಿಯಿತು, ನಡುವಿನ ಪ್ರಾಣನನ್ನು ಮಾತ್ರ ದಣಿವೆಂಬ ಮೃತ್ಯು ಮುಟ್ಟಲಿಲ್ಲ ಎಂದು ಬೃಹದಾರಣ್ಯಕವು ಹೇಳುತ್ತದೆ. ದೇಹವೆಂಬ ಪುರದಲ್ಲಿ ಎಲ್ಲ ಇಂದ್ರಿಯಗಳು ಮಲಗಿದಾಗಲೂ ಪ್ರಾಣಾಗ್ನಿಗಳು ಎಚ್ಚರವಾಗಿರುವವೆಂದು ಷಟ್‌ಪ್ರಶ್ನೋಪನಿಷತ್ತು ಸಾರುತ್ತದೆ. ಕಾವಲಿಗೆ ಆತನಿರುವಾಗ ನಾವು ಬಾಗಿಲಲ್ಲಿ ಕುಳಿತು ಮಾಡುವುದೇನು?

ಕೊನೆಯದಾಗಿ ಸ್ಥಾನಗಳ ಅನುಸಂಧಾನ. ಮನಸ್ಸನ್ನು ಮೊದಲು ಬಲಗಣ್ಣಿನಲ್ಲಿಟ್ಟು, ಇಂದು ಕಂಡದ್ದನ್ನೆಲ್ಲ ತೋರಿಸಿದವನು ವಿಶ್ವನೆಂದು ನೆನೆಯುವುದು. ಕಣ್ಣಿನ ಸುತ್ತ ಬಿಗಿ ಸಡಿಲಿದ ಮೇಲೆ ಮೆಲ್ಲನೆ ಕಂಠಕ್ಕಿಳಿದು, ಇನ್ನು ತೋರಿಸುವವನು ತೈಜಸನೆಂದೂ, ಕನಸು ಬಂದರೆ ಅದನ್ನು ಆತನ ಸೃಷ್ಟಿಯೆಂದು ಅರಿಯುವಂತಾಗಲೆಂದೂ ಒಮ್ಮೆ ಪ್ರಾರ್ಥಿಸುವುದು. ಬಳಿಕ ಹೃದಯದಲ್ಲಿ ಪ್ರಾಜ್ಞನಲ್ಲಿ ಬಿಟ್ಟುಬಿಡುವುದು. ಹೃದಯಕ್ಕೆ ಬರುವ ಮೊದಲೇ ನಿದ್ರೆ ಬಂದರೆ ಲೋಪವಿಲ್ಲ. ಹತ್ತು ರಾತ್ರಿಗಳಲ್ಲಿ ಒಂಬತ್ತು ರಾತ್ರಿ ಹಾಗೆಯೇ ಆಗುವುದು.

ಕಂಠದಲ್ಲಿ ಮಾಡುವ ಆ ಒಂದು ಪ್ರಾರ್ಥನೆಯೇ ಕನಸಿನ ಅರಿವಿಗೆ ಬೀಜ. ಲಬರ್ಜ್ ಅವರ ವಿಧಾನದಲ್ಲಿಯೂ ಮುಖ್ಯವಾದದ್ದು ಮಲಗುವ ಮುನ್ನ ಮಾಡುವ ಸಂಕಲ್ಪವೇ. ಕೆಲವರು ಇದಕ್ಕಾಗಿ ಗಂಟೆಗೊಮ್ಮೆ ಅಲಾರಂ ಇಟ್ಟು ಏಳುತ್ತಾರೆಂದು ಕೇಳಿದ್ದೇವೆ. ನಿದ್ರೆಯನ್ನು ಕೊಂದು ಕನಸನ್ನು ಹುಡುಕುವ ಈ ದಾರಿ ಗೃಹಸ್ಥರಿಗೆ ಬೇಡ. ಮನೋರೋಗಕ್ಕೆ ಔಷಧ ತೆಗೆದುಕೊಳ್ಳುವವರಂತೂ ವೈದ್ಯರನ್ನು ಕೇಳದೆ ಮಾಡಲೇಬಾರದು. ನಮಗೆ ಬೇರೆ ಅನುಕೂಲವಿದೆ. ಒಂದೂವರೆ ಗಂಟೆಗೊಮ್ಮೆ ಸುಮಾರಾಗಿ ಸುತ್ತಿಬರುವ ನಿದ್ರೆಯಲ್ಲಿ ಕನಸಿನ ಘಟ್ಟಗಳು ಬೆಳಗಿನ ಜಾವಕ್ಕೆ ಉದ್ದವಾಗುತ್ತವೆ. ಬ್ರಾಹ್ಮೀಮುಹೂರ್ತದಲ್ಲಿ ಏಳುವವನು ಆ ದಡದಲ್ಲಿಯೇ ಏಳುತ್ತಾನೆ. ಎದ್ದೊಡನೆ ಮೈ ಅಲುಗಿಸದೆ, ಮಾತಾಡದೆ, ಕಂಡದ್ದನ್ನು ಒಮ್ಮೆ ನೆನೆದುಕೊಂಡು, ಅದನ್ನೂ ಒಪ್ಪಿಸಿ, ಆಮೇಲೆ ಕರದರ್ಶನ ಮಾಡಿ ನೆಲಕ್ಕೆ ಕಾಲಿಡಬೇಕು. ಅಲುಗಿದರೆ ಕನಸು ಚೆದರುವುದು ಎಲ್ಲರ ಅನುಭವ. ಈ ನೆನಪು ದಿನವೂ ನಡೆದರೆ ಕನಸಿನೊಳಗೂ ಅರಿವು ತಾನಾಗಿ ಇಣುಕಬಹುದು, ಇಣುಕದೆಯೂ ಇರಬಹುದು. ಹಗಲು ಹತ್ತಿಪ್ಪತ್ತು ಸಲ ವಿಶ್ವನನ್ನು ನೆನೆಯದವನಿಗೆ ರಾತ್ರಿ ತೈಜಸನು ನೆನಪಾಗುವುದು ದುರ್ಲಭ.

ಇಷ್ಟು ಮಾಡಿದರೂ ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ರೆ ಕೆಟ್ಟಿದ್ದರೆ, ಅಥವಾ ಗೊರಕೆಯ ನಡುವೆ ಉಸಿರು ಕಟ್ಟಿ ಬೆಚ್ಚಿಬೀಳುವುದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ವೈದ್ಯನೊಳಗಿದ್ದು ಗುಣಪಡಿಸುವವನು ಧನ್ವಂತರಿಯೇ.

ಕನಸಿನಲ್ಲಿ ಬರುವ ಹಿರಿಯರು

ಮೊದಲು ಎತ್ತಿದ ಪ್ರಶ್ನೆಗಳಲ್ಲಿ ಒಂದು ಉಳಿದಿದೆ. 2020 ಮತ್ತು 2021ರ ಕೊರೊನಾ ಕಾಲದಲ್ಲಿ ಊರಿಗೆ ಹೋಗಲಾಗದೆ, ಹೆತ್ತವರ ಮುಖವನ್ನು ಫೋನಿನಲ್ಲಿ ನೋಡಿ, ಸಂಸ್ಕಾರವನ್ನು ಬೇರೆಯವರಿಗೆ ಬಿಟ್ಟ ಕುಟುಂಬಗಳು ನಮ್ಮ ನಗರಗಳಲ್ಲಿ ಬಹಳ. ಅಂಥವರಿಗೆ ತಾಯಿಯೋ ತಂದೆಯೋ ಕನಸಿನಲ್ಲಿ ಕಾಣಿಸಿಕೊಂಡು, ಎದ್ದ ಮೇಲೆ ದಿನವೆಲ್ಲ ಕಾಡುವುದುಂಟು. ಸುಳ್ಳೆಂದು ಬಿಡಲೂ ಆಗದು, ನಿಜವೆಂದರೆ ಭಯ.

ಸಿದ್ಧಾಂತದಂತೆ, ತಾಯಿಯ ಜೀವವು ತನ್ನ ಕರ್ಮಾನುಸಾರವಾದ ಸ್ಥಾನವನ್ನು ಬಿಟ್ಟು ನಮ್ಮ ಕನಸಿಗೆ ಬಂದಿತೆಂದು ತಿಳಿಯಬೇಕಾಗಿಲ್ಲ. ಕಂಡದ್ದು ನಮ್ಮ ಮನಸ್ಸಿನಲ್ಲಿರುವ ಅವಳ ವಾಸನೆಯಿಂದ ತೈಜಸನು ಮಾಡಿದ ರೂಪ. ಹಾಗೆಂದು ಅದು ಟೊಳ್ಳಲ್ಲ. ಅವಳು ಉಣಿಸಿದ್ದು, ಗದರಿಸಿದ್ದು, ಜ್ವರ ಬಂದಾಗ ಹಣೆಯ ಮೇಲೆ ಕೈಯಿಟ್ಟದ್ದು, ಇವು ನಿಜವಾಗಿ ನಡೆದವು. ಅವುಗಳಿಂದಲೇ ಆ ರೂಪವಾಯಿತು. ಮಾಡಿದವನು ಕರುಣಾಳು. ಆದ್ದರಿಂದ ಅವಳು ಅತೃಪ್ತಳಾಗಿ ಅಲೆಯುತ್ತಿದ್ದಾಳೆಂದು ಭಯಪಡುವುದೂ ತಪ್ಪು, ಬರಿಯ ಭ್ರಮೆಯೆಂದು ಕಣ್ಣೊರೆಸಿಕೊಂಡು ನಾಚುವುದೂ ತಪ್ಪು.

ಕೆಲವು ಕನಸುಗಳು ಶುಭಾಶುಭಸೂಚಕವೆಂದು ಸೂತ್ರಕಾರರೂ ಒಪ್ಪಿರುವರು. ಲಂಕೆಯಲ್ಲಿ ತ್ರಿಜಟೆ ಕಂಡ ಕನಸು ಫಲಿಸಿತು. ಅವಳು ಅದನ್ನು ಹೇಳುತ್ತಿದ್ದಾಗ ಮರದ ಮೇಲೆ ಕುಳಿತು ಕೇಳಿದವರು ನಮ್ಮ ಪ್ರಾಣದೇವರೇ. ಚೀಕಲಪರವಿಯ ದಾಸಪ್ಪನವರಿಗೆ ಊರಿನಿಂದ ಬಹುದೂರದ ಕಾಶಿಯಲ್ಲಿ ಶ್ರೀಪುರಂದರದಾಸರು ಸ್ವಪ್ನದಲ್ಲಿ ಅಂಕಿತವನ್ನು ಅನುಗ್ರಹಿಸಿ, ಅವರು ವಿಜಯದಾಸರಾದರೆಂದು ದಾಸಪರಂಪರೆ ಹೇಳುತ್ತದೆ. ಇವು ಬೇಡದೆ ಬಂದ ಅನುಗ್ರಹಗಳು. ಎಲ್ಲ ಕನಸುಗಳಿಗೂ ಇದೇ ಅಳತೆಯನ್ನು ಹಚ್ಚಿ, ದುಡ್ಡು ತೆಗೆದುಕೊಂಡು ಅರ್ಥ ಹೇಳುವವರ ಬಾಗಿಲಿಗೆ ಹೋಗಬಾರದು. ಕೆಟ್ಟ ಕನಸು ಕಂಡರೆ ಭಾಗವತದ ಎಂಟನೆಯ ಸ್ಕಂಧದ ಗಜೇಂದ್ರಮೋಕ್ಷವನ್ನು ಬೆಳಿಗ್ಗೆ ಪಠಿಸುವುದು ಅಥವಾ ಕೇಳುವುದು ಸಾಕು; ದುಃಸ್ವಪ್ನನಾಶಕವೆಂದು ಅದರ ಫಲವನ್ನು ಅಲ್ಲಿಯೇ ಹೇಳಿದೆ.

ತಾಯಿ ಕನಸಿನಲ್ಲಿ ನೀರು ಕೇಳಿದಳು, ಹಸಿವೆಂದಳು ಎಂದು ಬರುವವರಿಗೆ ನಾವು ಕೇಳುವುದು ಒಂದೇ: ವರ್ಷದ ಶ್ರಾದ್ಧ ನಡೆಯುತ್ತಿದೆಯೇ? ನಡೆಯುತ್ತಿದ್ದರೆ ಹೊಸದಾಗಿ ಯಾವ ಶಾಂತಿಯೂ ಬೇಡ. ಆ ದಿನ ಒಬ್ಬರಿಗೆ ಊಟ ಹಾಕಿ ಅವಳಲ್ಲಿ ಅಂತರ್ಯಾಮಿಯಾದ ಹರಿಗೆ ಅರ್ಪಿಸಿದರಾಯಿತು. ಆಸ್ಪತ್ರೆಯ ಗಲಿಬಿಲಿಯಲ್ಲಿ ತಿಥಿಯೇ ಸರಿಯಾಗಿ ತಿಳಿಯದೆ ಬಿಟ್ಟುಹೋದ ಕುಟುಂಬಗಳೂ ಇವೆ. ಅಂಥವರು ಮರಣಪತ್ರದಲ್ಲಿರುವ ತಾರೀಖು ಮತ್ತು ಹೊತ್ತನ್ನು ಬರೆದುಕೊಂಡು ತಮ್ಮ ಶಾಖೆಯ ಪುರೋಹಿತರನ್ನು ಕಂಡರೆ, ಆ ವರ್ಷದ ಪಂಚಾಂಗವನ್ನು ನೋಡಿ ತಿಥಿಯನ್ನು ತಿಳಿಸುವರು.

॥ ಶ್ರೀಕೃಷ್ಣಾರ್ಪಣಮಸ್ತು ॥